ಅರವಟ್ಟಿಗೆ ಮನೆಯ ಮಲ್ಲಿ

ಶಿವನಿ
12-4-1973

ಮಲ್ಲಿಗೆ ಅತ್ತಿಗೆಯ ಆಶೀರ್ವಾದ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಮೊದಲು ಬರೆಯಬೇಕಂತೆ, ಬರೆದಿದ್ದೇನೆ. ಈಗ ನೀನು ತಂದಿಟ್ಟ ಫಜೀತಿಯ ವಿಷಯಕ್ಕೆ ಬರುತ್ತೇನೆ.

ನಿನ್ನ ಕಾಗದ ಬಂದಾಗ ನಿಮ್ಮಣ್ಣ ಪಡಸಾಲೆಯಲ್ಲಿ ಈರುಳ್ಳಿ ಆರಿಸುತ್ತಿದ್ದರು. ಮಾವನವರು ಅರವಟ್ಟಿಗೆಯಿಂದ ಆಗ ತಾನೆ ಬಂದು ಕಾಲು ಚಾಚಿ ಕೂತಿದ್ದರು. ಅವರ ಕಣ್ಣಿಗೆ ಪೊರೆ ಬಂದ ಮೇಲೆ ನಿನ್ನ ಕಾಗದ ಓದುವುದು ನನ್ನ ಪಾಲಿಗೆ ಬಂದಿದೆಯಲ್ಲ, ಗಟ್ಟಿಯಾಗಿ ಓದುತ್ತಾ ಹೋದೆ. ಓದು ಮುಗಿಯಿತು, ಕೆಲಸ ಸಿಕ್ಕಿತು, ಒಳ್ಳೆಯ ಸಂಬಳ. ಎಲ್ಲ ಸರಿ. ಮುಂದಿನ ಸಾಲು ಕಣ್ಣಿಗೆ ಬಿತ್ತು ನೋಡು, ಓದುವುದನ್ನು ಅಲ್ಲಿಗೇ ನಿಲ್ಲಿಸಿದೆ. ‘ಆಲ್ಡರ್‌ವೆಲ್ ಎಂಬ ಕಂಪನಿ. ಹಣ್ಣಿನ ಪಾನಕ, ಸೋಡಾ ಎಲ್ಲ ಬಾಟಲಿಗೆ ತುಂಬಿ ಮಾರುತ್ತಾರೆ.’

"ಯಾಕಮ್ಮ ನಿಂತ್ಬಿಟ್ಟೆ? ಏನ್ ಮಾಡೋ ಕಂಪ್ನಿಯಂತೆ?" ಅಂದರು ಮಾವನವರು.

"ಔಷಧಿ ಮಾಡೋ ಕಂಪ್ನಿಯಂತೆ ಮಾವ" ಅಂದುಬಿಟ್ಟೆ.

ಬೈಯಬೇಡ. ತೀರ್ಥಪ್ಪನ ಕಥೆ ನಿನಗೆ ಗೊತ್ತಿಲ್ಲದ್ದೇನಲ್ಲ. ಮಾವನವರ ಸ್ವಂತ ಅಣ್ಣನ ಮಗ. ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಗೋಲಿಸೋಡಾ ಅಂಗಡಿ ಇಟ್ಟ ವರ್ಷವೇ ಅವನನ್ನು ಅರವಟ್ಟಿಗೆಯ ಗಡಿಗೆ ಮುಟ್ಟಲು ಬಿಡಲಿಲ್ಲ. "ಬಾಯಾರಿದೋರ ಹತ್ರ ಕಾಸು ಇಸ್ಕೊಂಡ ಕೈ ಕಣಪ್ಪಾ ಅದು, ಈ ಗಡಿಗೆಗೆ ಬ್ಯಾಡ" ಎಂದು ಜನರ ಎದುರಿಗೇ ಹೇಳಿದರು. ಅವನು ಅವತ್ತಿನಿಂದ ಯುಗಾದಿಗೆ ಬರುವುದನ್ನೇ ಬಿಟ್ಟ. ನಿನಗೂ ಹಾಗಾಗುವುದು ನನಗೆ ಬೇಡ. ನೀನು ಮುಂದೆ ಬರೆಯುವಾಗ ಔಷಧಿ ಎಂದೇ ಬರೆ, ಇಲ್ಲವೇ ಬರೀ ಕಂಪನಿ ಎಂದು ಬರೆ. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ಈ ಸಲವೂ ಯುಗಾದಿಗೆ ಸ್ಟೇಷನ್ ದಾರಿಯ ಹುಣಸೆಮರದ ಕೆಳಗೇ ಚಪ್ಪರ ಹಾಕಿ, ರೈಲಿಳಿದವರಿಗೆ ನೀರು ಹುಯ್ಯಲು ಶುರು ಮಾಡಿದ್ದಾರೆ. ಚಳಿಗೆ ಸ್ವೆಟರ್ ಹಾಕಿಕೊ. ಮದುವೆಯ ವಿಷಯ ಬರೆದರೆ ಉತ್ತರ ಬರುವುದಿಲ್ಲವೆಂದು ಗೊತ್ತು, ಅದಕ್ಕೇ ಬರೆದಿಲ್ಲ.

ನಿನ್ನ ಅತ್ತಿಗೆ
ವಿಮಲಮ್ಮ


ಲೀಡ್ಸ್
6-5-1973

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದ ಓದಿ ಮೊದಲು ನಕ್ಕೆ. ಆಮೇಲೆ ಸಿಟ್ಟು ಬಂತು. ನಾನೇನು ಕಳ್ಳಭಟ್ಟಿ ಕಾಯಿಸುತ್ತಿದ್ದೇನೆಯೇ? ಮೈಸೂರಿನಲ್ಲಿ ಆಹಾರ ವಿಜ್ಞಾನ ಓದಿ, ಇಲ್ಲಿಗೆ ಬಂದು ಚಳಿಯಲ್ಲಿ ಮತ್ತೆರಡು ವರ್ಷ ಓದಿ, ಮರ್ಯಾದೆಯಿಂದ ಸಂಪಾದಿಸಿದ ಕೆಲಸ. ಅದನ್ನು ಅಪ್ಪನಿಗೆ ಹೇಳುವ ಹಾಗಿಲ್ಲ ಎಂದರೆ ಹೇಗೆ?

ಆದರೆ ನಿಮ್ಮ ಮಾತೂ ಸರಿ. ಅವತ್ತು ತೀರ್ಥಪ್ಪಣ್ಣನ ಮುಖ ಹೇಗಿತ್ತೆಂದು ನಾನೂ ನೋಡಿದ್ದೇನೆ. ಆಗಲಿ, ಔಷಧಿಯೇ ಇರಲಿ.

ನನಗೆ ಈ ಕೆಲಸ ಸಿಕ್ಕಿದ್ದು ಹೇಗೆ ಗೊತ್ತೇ? ಸಂದರ್ಶನದ ದಿನ ನಾಲ್ಕಾರು ಲೋಟ ನೀರಿಟ್ಟು, ರುಚಿ ನೋಡಿ ಬರೆಯಿರಿ ಎಂದರು. ನನಗೆ ಅಳುವೇ ಬಂತು ಅತ್ತಿಗೆ. ಚಿಕ್ಕವಳಿದ್ದಾಗ ಅಪ್ಪ ಬೆಳಿಗ್ಗೆ ಗಡಿಗೆ ತುಂಬಿಸುವ ಮುಂಚೆ ನನ್ನ ಅಂಗೈಗೆ ಒಂದು ತೊಟ್ಟು ಹಾಕಿ "ಯಾವ ಬಾವೀದು ಹೇಳು ಮಲ್ಲಿ" ಅನ್ನುತ್ತಿದ್ದರು. ಸ್ಟೇಷನ್ ಬಾವಿಯದು ಸಪ್ಪೆ, ನಮ್ಮ ತೋಟದ್ದು ಸಿಹಿ, ಹಿರೇನಲ್ಲೂರಿನ ನೆಂಟರ ಮನೆಯದು ಸವಳು. ಇಲ್ಲಿಯೂ ಹಾಗೇ ಬರೆದು ಕೊಟ್ಟೆ. ಅವರಿಗೆ ಹಿಡಿಸಿತು.

ಅರವಟ್ಟಿಗೆಯಲ್ಲಿ ಸೋಮವಾರ ಹಂಚುವ ಪಾನಕ ಈಗಲೂ ಇದೆಯೇ? ಬೆಲ್ಲ ಕರಗಿಸುವಾಗ ಚಪ್ಪರದ ತುಂಬ ಏಲಕ್ಕಿ ವಾಸನೆ ಬರುತ್ತಿತ್ತು. ಹುಬ್ಬಳ್ಳಿ ಕಡೆಯ ರೈಲು ಬರುವ ಹೊತ್ತಿಗೆ ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ನಿಲ್ಲುತ್ತಿದ್ದರು. ಇಲ್ಲಿ ಮೇ ತಿಂಗಳಿನಲ್ಲೂ ಕೋಟು. ಬಾಯಾರಿಕೆ ಅಂದರೆ ಏನೆಂದು ಈ ಜನಕ್ಕೆ ಯಾರಾದರೂ ಹೇಳಿಕೊಡಬೇಕು.

ನಿಮ್ಮ
ಮಲ್ಲಿ


ಲೀಡ್ಸ್
20-9-1976

ಅತ್ತಿಗೆ,

ನಾಲ್ಕು ತಿಂಗಳಿಂದ ಬರೆದಿಲ್ಲ, ಕ್ಷಮಿಸಿ. ಈ ಸಲ ಇಲ್ಲಿ ಬೇಸಿಗೆ ನಿಜವಾಗಿ ಬಂದಿತ್ತು. ಹುಲ್ಲೆಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಬೀದಿ ನಲ್ಲಿಯ ಮುಂದೆ ದೊರೆಸಾನಿಯರು ಬಕೆಟ್ ಹಿಡಿದು ಸಾಲು ನಿಂತಿದ್ದರು, ನಿಮ್ಮಾಣೆ. ನನಗೆ ಮಾತ್ರ ಊರಿಗೆ ಬಂದಂತಾಗಿತ್ತು.

ಕಂಪನಿಯಲ್ಲಿ ತಯಾರಿಸಿದ್ದೆಲ್ಲ ಎರಡು ವಾರದಲ್ಲಿ ಖಾಲಿ. ಆದರೆ ಕುಡಿದವರು ‘ಇದರಿಂದ ದಾಹ ಇನ್ನೂ ಜಾಸ್ತಿಯಾಗುತ್ತದೆ’ ಎಂದು ದೂರುತ್ತಿದ್ದರು. ಬರೀ ಸಕ್ಕರೆ, ಬಣ್ಣ. ನಾನು ಮೀಟಿಂಗಿನಲ್ಲಿ ಎದ್ದು ನಿಂತು, ನಿಂಬೆ, ಶುಂಠಿ, ಏಲಕ್ಕಿ, ಕಪ್ಪು ಸಕ್ಕರೆ, ಚಿಟಿಕೆ ಉಪ್ಪು ಎಂದೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಮಾಡಿ ಕುಡಿಸಿದೆ. ನೀರು ಬೆರೆಸಿ ಕುಡಿಯುವಂಥ ಗಟ್ಟಿ ಪಾನಕ. ಈಗ ಅಂಗಡಿ ಅಂಗಡಿಯಲ್ಲೂ ಅದೇ. ನನ್ನನ್ನು ಇಡೀ ವಿಭಾಗಕ್ಕೆ ಮುಖ್ಯಸ್ಥೆಯನ್ನಾಗಿ ಮಾಡಿದ್ದಾರೆ.

ಅದು ಅಪ್ಪನ ಪಾನಕ, ಅತ್ತಿಗೆ. ಅಪ್ಪ ಬೆಲ್ಲಕ್ಕೆ ಎಷ್ಟು ಶುಂಠಿ ಹಾಕುತ್ತಿದ್ದರೋ ಅಷ್ಟೇ ಹಾಕಿದ್ದೇನೆ. ಸಂತೋಷ ತಡೆಯಲಾರದೆ ನಿಮಗೆ ಬರೆಯುತ್ತಿದ್ದೇನೆ. ಅಪ್ಪನಿಗೆ ನಿಮಗೆ ತೋಚಿದಂತೆ ಹೇಳಿ.

ಮಲ್ಲಿ


ಶಿವನಿ
2-11-1976

ಮಲ್ಲಿಗೆ,

ಓದಿ ನನ್ನ ಕಣ್ಣಿನಲ್ಲಿ ನೀರು ಬಂತು. ಆಮೇಲೆ ಮಾವನವರಿಗೆ ಏನು ಓದಿ ಹೇಳುವುದು ಎಂದು ತಲೆ ಕೆಟ್ಟುಹೋಯಿತು. ಕೊನೆಗೆ ‘ಬಿಸಿಲಿನ ಬೇನೆಗೆ ಮಲ್ಲಿ ಹೊಸ ಔಷಧಿ ಕಂಡುಹಿಡಿದಿದ್ದಾಳಂತೆ’ ಎಂದೆ. ಪೂರಾ ಸುಳ್ಳಲ್ಲವಲ್ಲ?

ಈಗ ಕೇಳು ಅದರ ಫಲ. ಮಾವನವರು ಅರವಟ್ಟಿಗೆಯಲ್ಲಿ ನೀರಿನ ಜೊತೆ ನಿನ್ನ ಸುದ್ದಿಯನ್ನೂ ಹುಯ್ಯುತ್ತಿದ್ದರಂತೆ, ಈಗ ಹಬ್ಬದ ಮನೆಗಳಲ್ಲೂ ಅದೇ ಮಾತು. ಚೌಳಹಿರಿಯೂರಿನಿಂದ ದುರ್ಗಮ್ಮ ಎಂಬ ಮುದುಕಿ ಮಂಡಿ ನೋವಿಗೆ ಮಾತ್ರೆ ಕೇಳಿಕೊಂಡು ಮನೆಗೇ ಬಂದಳು. ಅಮೃತಾಂಜನ ಹಚ್ಚಿ ಕಳಿಸಿದೆ. "ನಿಮ್ ಹುಡುಗಿ ಕೈಗುಣ ದೊಡ್ಡದು ಕಣವ್ವಾ" ಎಂದು ಹರಸಿ ಹೋದಳು.

ನಗು, ನಗು. ನಿನಗೇನು, ದೂರದಲ್ಲಿದ್ದೀಯ. ಇಲ್ಲಿ ಒಂದು ಸುಳ್ಳಿಗೆ ದಿನಾ ಮೇವು ಹಾಕುತ್ತಿರುವವಳು ನಾನು.

ವಿಮಲಮ್ಮ


ಲಂಡನ್
14-10-1984

ಪ್ರೀತಿಯ ಅತ್ತಿಗೆ,

ಎಷ್ಟೋ ವರ್ಷಗಳಿಂದ ಯುಗಾದಿಗೆ ಒಂದು ಕಾರ್ಡು, ದೀಪಾವಳಿಗೆ ಒಂದು ಕಾರ್ಡು, ಇಷ್ಟರಲ್ಲೇ ಮುಗಿಸಿದ್ದೇನೆ. ಕೆಲಸ, ಕೆಲಸ ಎಂದು ನೆಪ ಹೇಳಿ ನನಗೇ ಬೇಸರ ಬಂದಿದೆ. ನಿಜ ಹೇಳಲೇ? ಅಪ್ಪನಿಗೆ ಏನು ಬರೆದರೂ ಅರ್ಧ ಮುಚ್ಚಿಡಬೇಕು. ಅದಕ್ಕೇ ಬರೆಯುವುದೇ ಬೇಡವೆನಿಸುತ್ತಿತ್ತು.

ಇವತ್ತು ಬರೆಯದೆ ಇರಲಾರೆ. ಆಲ್ಡರ್‌ವೆಲ್ ಕಂಪನಿಗೆ ನನ್ನನ್ನೇ ಯಜಮಾನಿಯನ್ನಾಗಿ ಮಾಡಿದ್ದಾರೆ. ಕಾರ್ಖಾನೆಗಳು, ಲಾರಿಗಳು, ಅಷ್ಟೂ ಜನರು, ಎಲ್ಲ ಈಗ ನನ್ನ ಜವಾಬ್ದಾರಿ. ಹೊರಗಿನಿಂದ ಬಂದವರು, ಅದರಲ್ಲೂ ಹೆಂಗಸು, ಆ ಕುರ್ಚಿಯಲ್ಲಿ ಇದುವರೆಗೆ ಕೂತಿರಲಿಲ್ಲ.

ಮೊದಲ ದಿನ ಮೇಜಿನ ಸುತ್ತ ಇದ್ದವರಲ್ಲಿ ಒಬ್ಬ ಹೊಸಬ, ನನ್ನ ಬಣ್ಣ ನೋಡಿ, ‘ಟೀ ಬಗ್ಗಿಸಿ ಕೊಡಮ್ಮ’ ಎಂದ. ಉಳಿದವರು ಬೆವರಿದರು. ನಾನು ಬಗ್ಗಿಸಿದೆ, ಒಬ್ಬರನ್ನೂ ಬಿಡದೆ ಎಲ್ಲರಿಗೂ. ಅಪ್ಪನ ಮಗಳಿಗೆ ಬಗ್ಗಿಸಿ ಕೊಡುವುದು ಸಣ್ಣ ಕೆಲಸವಲ್ಲ. ಆಮೇಲೆ ಹೋಗಿ ಮೇಜಿನ ತಲೆಯ ಕುರ್ಚಿಯಲ್ಲಿ ಕೂತು ‘ಶುರು ಮಾಡೋಣವೇ?’ ಎಂದೆ. ಆತ ಟೀ ಬಾಯಿಗಿಡಲಿಲ್ಲ.

ಮನೆಗೆ ಬಂದು ಕೋಟು ಕಳಚಿ, ಯಾರಿಗೆ ಹೇಳಲಿ ಎಂದು ನೋಡಿದರೆ ಅಪ್ಪನೊಬ್ಬರೇ ನೆನಪಾದರು. ಹೇಗೆ ಹೇಳುತ್ತೀರೋ ಗೊತ್ತಿಲ್ಲ, ಆದರೆ ಹೇಳಿ.

ಮಲ್ಲಿ


ಶಿವನಿ
12-11-1984

ಚಿನ್ನದಂಥ ಮಲ್ಲಿಗೆ,

ನಿನ್ನ ಹೊಟ್ಟೆ ತಣ್ಣಗಿರಲಿ. ನಿಮ್ಮಣ್ಣ ಊರಿಗೆಲ್ಲ ಮಂಡಕ್ಕಿ, ಬಾಳೆಹಣ್ಣು ಹಂಚಿದರು. ಟೀ ಕಥೆಯನ್ನು ಮಾವನವರಿಗೆ ಎರಡು ಸಲ ಓದಿದೆ.

ಅವರು ಏನೆಂದರು ಗೊತ್ತೇ? ಕುಳಿತುಕೊಂಡು ಓದು. "ಇಡೀ ಔಷಧಿ ಕಂಪ್ನಿಗೆ ಯಜಮಾನ್ತಿ ಅಂದ್ರೆ ಎಷ್ಟು ಜೀವ ಉಳಿಸಿರ್ಬೇಕು ಅವ್ಳು. ಈ ಯುಗಾದಿಗೆ ಬರೋಕೆ ಹೇಳಮ್ಮ. ಗಡಿಗೆ ಪೂಜೆ ಅವ್ಳೇ ಮಾಡ್ಲಿ. ಮೊದಲ ತಂಬಿಗೆ ಅವ್ಳೇ ಹುಯ್ಯಲಿ. ನನ್ನ ಕೈಲಿ ಇನ್ನಾಗಲ್ಲ."

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಗಡಿಗೆಗೆ ನೀರು ಹೊತ್ತಿದ್ದುಂಟು, ಮೊದಲ ತಂಬಿಗೆ ಹುಯ್ದದ್ದಿಲ್ಲ. ನೀನು ಲಂಗ ಉಟ್ಟುಕೊಂಡು ‘ನಾನು ಹುಯ್ತೀನಿ, ನಾನು ಹುಯ್ತೀನಿ’ ಎಂದು ಚಪ್ಪರದ ಕಂಬ ಹಿಡಿದು ಅಳುತ್ತಿದ್ದೆಯಂತೆ. ಅತ್ತೆ ಇದ್ದಾಗ ಹೇಳುತ್ತಿದ್ದರು.

ಇನ್ನೊಂದು ವಿಷಯ ನಿನಗೆ ತಿಳಿಸಿರಲಿಲ್ಲ, ದೂರದಲ್ಲಿ ಗಾಬರಿಯಾಗುತ್ತೀಯ ಎಂದು. ಮಾವನವರಿಗೆ ಹೋದ ವರ್ಷದಿಂದ ಕಾಲು ಬಲವಿಲ್ಲ. ಈ ಬೇಸಿಗೆಯಲ್ಲಿ ನಿಮ್ಮಣ್ಣ ಗಾಡಿಯಲ್ಲಿ ಅರವಟ್ಟಿಗೆಗೆ ಕರೆದುಕೊಂಡು ಹೋಗಿ ಕೂರಿಸಿ ಬರುತ್ತಿದ್ದರು. "ಮಗಳ ಕಂಪ್ನಿ ಟಾನಿಕ್ ಒಂದ್ಸೀಸೆ ತರ್ಸಮ್ಮ" ಎಂದು ದಿನಾ ಹಟ. ಏನಾದರೂ ಕಳಿಸು ಮಾರಾಯ್ತಿ.

ವಿಮಲಮ್ಮ


ಲಂಡನ್
5-12-1984

ಅತ್ತಿಗೆ,

ಬರುತ್ತೇನೆ! ಯುಗಾದಿಗೆ ರಜೆ ಹಾಕಿಬಿಟ್ಟಿದ್ದೇನೆ. ನಿಮ್ಮ ಕಾಗದವನ್ನು ಆಫೀಸಿನಲ್ಲೇ ಓದಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಈ ಕುರ್ಚಿಗಾಗಿ ನಾನು ಇಷ್ಟು ಆಸೆಪಟ್ಟಿರಲಿಲ್ಲ ಅತ್ತಿಗೆ, ಆ ತಂಬಿಗೆಗಾಗಿ ಪಟ್ಟಿದ್ದೆ.

ಕಾಲಿನ ವಿಷಯ ಮುಚ್ಚಿಟ್ಟಿದ್ದಕ್ಕೆ ಬಂದ ಮೇಲೆ ನಿಮ್ಮ ಜೊತೆ ಜಗಳ ಇದೆ. ಅಣ್ಣನಿಗೆ ಹೇಳಿ ತರೀಕೆರೆಯ ಡಾಕ್ಟರಿಗೆ ತೋರಿಸಿ, ಇವತ್ತೇ.

ಬೀರೂರಿನವರೊಬ್ಬರು ಊರಿಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಎರಡು ಬಾಟಲಿ ಕಳಿಸಿದ್ದೇನೆ. ಔಷಧಿಯಲ್ಲ, ನಮ್ಮ ಗಟ್ಟಿ ಪಾನಕ. ‘ಮಲ್ಲಿ ತಾನೇ ಕೈಯಾರೆ ಕಂಡುಹಿಡಿದದ್ದು’ ಎಂದು ಹೇಳಿ ಕೊಡಿ. ಅಷ್ಟು ಮಾತ್ರ ಸುಳ್ಳಲ್ಲ. ಶುಂಠಿ ಇದೆ, ಕೆಡುಕೇನೂ ಆಗದು. ಅಪ್ಪ ಒಂದು ಸಲ ಅದರ ರುಚಿ ನೋಡಲಿ ಎಂಬ ಆಸೆ ನನಗೆ. ನೋಡಿ ಚೆನ್ನಾಗಿದೆ ಎಂದರೆ ಸಾಕು.

ಮಲ್ಲಿ


ಶಿವನಿ
24-1-1985

ಮಲ್ಲಿಗೆ,

ಹೇಗೆ ಬರೆಯಲಿ ಎಂದು ತಿಳಿಯದೆ ಎಂಟು ದಿನ ಕಾಗದ ಮುಂದಿಟ್ಟುಕೊಂಡು ಕೂತೆ.

ಬಾಟಲಿ ಬಂದವು. ಗಟ್ಟಿಯಾಗಿತ್ತು, ಕಂದು ಬಣ್ಣ, ನೋಡಲು ಟಾನಿಕ್ಕೇ. ಮಾವನವರು ಬೆಳಿಗ್ಗೆ ಒಂದು ಚಮಚ, ರಾತ್ರಿ ಊಟವಾದ ಮೇಲೆ ಒಂದು ಚಮಚ ಎಂದು ಪಥ್ಯ ಹಿಡಿದರು. ಲಿಂಗಪೂಜೆ ಮುಗಿಸಿ ಚಮಚಕ್ಕೆ ಕೈ ಮುಗಿದು ಕುಡಿಯುವುದು. ವಾರಕ್ಕೇ "ಕಾಲಿಗೆ ಕಸುವು ಬಂತು ಕಣಮ್ಮ" ಎಂದು ಕಂಬ ಹಿಡಿದು ಎದ್ದು ನಿಂತರು. ನಾನೂ ನಿಮ್ಮಣ್ಣನೂ ಸೆರಗು, ಟವೆಲ್ ಬಾಯಿಗಿಟ್ಟುಕೊಂಡು ನಕ್ಕೆವು.

ಸಂಕ್ರಾಂತಿಯ ಮಾರನೆಯ ದಿನ ಬಾಯಿ ಒಣಗಿದೆ ಎಂದು ನೀರು ಕೇಳಿದರು. ರಾತ್ರಿಗೆಂದು ಒಂದು ಚಮಚ ಪಾನಕವನ್ನು ಲೋಟಕ್ಕೆ ಬಗ್ಗಿಸಿಟ್ಟಿದ್ದೆ, ಮರೆತು ಅದರ ಮೇಲೇ ನೀರು ಹುಯ್ದುಬಿಟ್ಟೆ. ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು. "ವಿಮಲಾ, ಇದು ನಮ್ಮ ಪಾನಕ ಕಣೇ."

ಅಷ್ಟರಲ್ಲಿ ಸ್ಟೇಷನ್ನಿನ ಓಂಕಾರಮೂರ್ತಿ, ಅವರೇ ಇಂಗ್ಲಿಷ್ ಬಲ್ಲ ಗುಮಾಸ್ತರು, ಬಂದರು. ಮಾವನವರು ಬಾಟಲಿ ಅವರ ಕೈಗಿಟ್ಟು "ಓದಪ್ಪಾ" ಎಂದರು. ಆ ಪುಣ್ಯಾತ್ಮ ಗಟ್ಟಿಯಾಗಿ ಓದಿದರು: ‘ಬೇಸಿಗೆಗೆ ತಂಪು. ಮಕ್ಕಳ ಹುಟ್ಟುಹಬ್ಬಕ್ಕೆ ಬಲು ಸೊಗಸು.’

"ಯಾವ ಸೀಮೆ ಔಷಧೀನಮ್ಮ ಇದು, ಹುಟ್ಟಿದಬ್ಬಕ್ಕೆ ಕುಡಿಯೋದು?" ಎಂದರು ಮಾವನವರು ನನ್ನ ಕಡೆ ತಿರುಗಿ. ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಸಂಜೆ ನನ್ನನ್ನು ಕೂರಿಸಿಕೊಂಡು ಇಷ್ಟು ಬರೆಸಿದರು, ಒಂದಕ್ಷರ ಕೂಡಿಸಿಲ್ಲ:

‘ಮಲ್ಲಿ, ನಮ್ಮ ಮನೇಲಿ ಬಿಟ್ಟಿ ಕೊಡೋದನ್ನ ನೀನು ಬಾಟ್ಲಿಗೆ ತುಂಬಿ ಮಾರಿದ್ದೀಯ. ತೀರ್ಥಪ್ಪಂಗೆ ಒಂದು ನ್ಯಾಯ, ನಿನಗೊಂದು ನ್ಯಾಯ ಮಾಡಾಕೆ ನನಗೆ ಬರಲ್ಲ. ನೀನು ಗಡಿಗೆ ಮುಟ್ಟಂಗಿಲ್ಲ.’

ಟಿಕೀಟು ತೆಗೆಸಿಬಿಟ್ಟಿದ್ದೀಯೇನೋ. ನನ್ನಿಂದಲೇ ಆಯಿತು ಎಲ್ಲ.

ವಿಮಲಮ್ಮ


ಲಂಡನ್
6-2-1985

ಅತ್ತಿಗೆ,

ಈ ಕಾಗದವನ್ನು ಅಪ್ಪನಿಗೆ ಓದಿ. ಏನನ್ನೂ ಬಿಡಬೇಡಿ, ಏನನ್ನೂ ತಿದ್ದಬೇಡಿ. ನೀವು ನನ್ನ ಒಳ್ಳೆಯದಕ್ಕೇ ಮಾಡಿದಿರಿ, ನಿಮ್ಮ ಮೇಲೆ ಕೋಪವಿಲ್ಲ. ಇನ್ನು ಔಷಧಿಯ ಮಾತು ಸಾಕು.

ಅಪ್ಪಾಜಿ, ನಾನು ಮಾರುತ್ತೇನೆ. ಹೌದು. ಇಲ್ಲಿಗೆ ಬಂದಾಗ ನನ್ನ ಹತ್ತಿರ ಏನಿತ್ತು? ನೀವು ಕಲಿಸಿದ ನಾಲಿಗೆ ಒಂದಿತ್ತು, ಅದರಿಂದಲೇ ಬದುಕಿದೆ. ನನ್ನ ಕಾರ್ಖಾನೆಗಳಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಅದೂ ಪಾಪವೇ? ನೀವು ಬಿಟ್ಟಿ ಕೊಡಬಲ್ಲಿರಿ, ಯಾಕೆಂದರೆ ಅಣ್ಣ ಈರುಳ್ಳಿ ಮಾರುತ್ತಾನೆ. ಈರುಳ್ಳಿ ಮಾರಿದ ಕೈಯಿಂದ ಅಣ್ಣ ಗಡಿಗೆ ತುಂಬಬಹುದು. ನಾನು ಯಾಕೆ ತುಂಬಬಾರದು?

ಗುರುತು ಪರಿಚಯ ಇಲ್ಲದವರಿಗೆಲ್ಲ ನಾನು ಬಗ್ಗಿಸಿ ಕೊಟ್ಟಿದ್ದೇನೆ, ನನ್ನನ್ನು ಕೆಲಸದವಳೆಂದುಕೊಂಡವನಿಗೂ ಕೊಟ್ಟಿದ್ದೇನೆ. ನಮ್ಮೂರಿನ ಬಿಸಿಲಿನಲ್ಲಿ ನಿಂತು ಒಂದು ತಂಬಿಗೆ ಹುಯ್ಯುವ ಯೋಗ್ಯತೆ ನನಗೆ ಇಲ್ಲವೆಂದಿರಿ. ನನಗೆ ತುಂಬಾ ನೋವಾಗಿದೆ ಅಪ್ಪಾಜಿ. ಎಷ್ಟು ದೊಡ್ಡ ಕುರ್ಚಿಯಲ್ಲಿ ಕೂತರೂ ನಿಮ್ಮಿಂದ ‘ಭೇಷ್’ ಅನ್ನಿಸಿಕೊಳ್ಳಬೇಕೆಂಬ ಚಪಲ ಹೋಗಿಲ್ಲ. ಅದು ಹೋದರೆ ಎಷ್ಟೋ ನೆಮ್ಮದಿಯಾಗಿರುತ್ತಿದ್ದೆ.

ಯುಗಾದಿಗೆ ಬರುವುದಿಲ್ಲ. ಟಿಕೀಟು ವಾಪಸು ಮಾಡಿಸುತ್ತೇನೆ.

ಮಲ್ಲಿಕಾಂಬ


ಶಿವನಿ
19-2-1985

ಮಲ್ಲಿಗೆ,

ಓದಿದೆ. ‘ಅಣ್ಣ ಈರುಳ್ಳಿ ಮಾರುತ್ತಾನೆ’ ಎನ್ನುವ ಜಾಗದಲ್ಲಿ ನಿಮ್ಮಣ್ಣ ಎದ್ದು ಹಿತ್ತಲಿಗೆ ಹೋದರು. ನಾನು ಒಂದು ಸಾಲೂ ಬಿಡದೆ ಓದಿದೆ. ಹನ್ನೆರಡು ವರ್ಷದ ಮೇಲೆ ನಿನ್ನ ಕಾಗದವನ್ನು ಇದ್ದಂತೆ ಓದಿದ್ದು ಇದೇ ಮೊದಲು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಮಾರನೆಯ ದಿನ ರೊಟ್ಟಿ ತಟ್ಟುತ್ತಿದ್ದೆ, ಮಾವನವರು ಗೋಡೆ ಹಿಡಿದುಕೊಂಡು ಒಲೆಯ ಹತ್ತಿರ ಬಂದು ಮಣೆ ಎಳೆದುಕೊಂಡು ಕೂತರು.

"ಅವ್ಳು ಕೇಳಿದ್ದು ಸರಿಯಾಗೇ ಐತೆ" ಎಂದರು.

"ಹಂಗಾದ್ರೆ ಬರೋಕೆ ಬರೀಲಾ ಮಾವ? ಗಡಿಗೆ ಮುಟ್ಟಬಹುದಾ?"

"ಅದಾಗಲ್ಲ. ತೀರ್ಥಪ್ಪನ್ನ ಜನದ ಮುಂದೆ ನಿಲ್ಸಿ ಅಂದಿದ್ದು ನಾನು. ಈಗ ಮಗಳಿಗೆ ಬಿಟ್ರೆ ಅವನ ಮುಖ ಹೆಂಗ್ ನೋಡ್ಲಿ?" ಬೆಂಕಿಗೆ ಕೈ ಚಾಚಿ ಕಾಯಿಸಿಕೊಂಡರು. ಆಮೇಲೆ, "ಹುಯ್ಯೋಕೆ ಬ್ಯಾಡ ಅಂದೆ. ಕುಡಿಯೋಕೆ ಬರಬ್ಯಾಡ ಅಂದ್ನಾ? ರೈಲಿಳಿದು ಬಂದೋರು ಯಾರು, ಏನ್ ಮಾಡ್ತಾರೆ ಅಂತ ನಾವು ಯಾವತ್ತಾದ್ರೂ ಕೇಳಿದ್ದುಂಟಾ? ಬರ್ಲಿ ಅವ್ಳು. ನಾನು ಕೂತಿರ್ತೀನಿ ಅಲ್ಲಿ."

ಇಷ್ಟೇ ಅವರ ಮಾತು. ನಿನಗೆ ಇದು ಸಾಕೋ ಸಾಲದೋ ನನಗೆ ತಿಳಿಯದು. ಸಾಲದು ಎಂದರೂ ನಾನು ತಪ್ಪು ತಿಳಿಯುವುದಿಲ್ಲ. ಅವರ ಕಾಲು ಮುಂದಿನ ಯುಗಾದಿಗೆ ಗಾಡಿ ಹತ್ತುತ್ತದೆ ಎಂದು ಮಾತ್ರ ನಾನು ಹೇಳಲಾರೆ.

ವಿಮಲಮ್ಮ


ಲಂಡನ್
9-4-1985

ಪ್ರೀತಿಯ ಅತ್ತಿಗೆ,

ಬಂದು ತಲುಪಿದೆ. ನೀವು ಕಟ್ಟಿಕೊಟ್ಟ ಚಟ್ನಿಪುಡಿಯನ್ನು ವಿಮಾನದಲ್ಲೇ ತೆಗೆದು ವಾಸನೆ ನೋಡಿದೆ, ಪಕ್ಕದವನು ಸೀನಿದ.

ಹಬ್ಬದ ದಿನ ನಾನು ಮನೆಗೆ ಬಂದಾಗ ನೀವು ಒಬ್ಬಟ್ಟಿನ ಹಂಚಿನ ಮುಂದಿದ್ದಿರಿ. ‘ಏನಂದ್ರು? ಸೀರೆ ಯಾಕೆ ಒದ್ದೆ?’ ಎಂದು ಕೇಳಿದಿರಿ. ‘ಏನಿಲ್ಲ’ ಎಂದು ಒಳಗೆ ಹೋಗಿಬಿಟ್ಟೆ. ಬಾಯಿ ಬಿಟ್ಟರೆ ಅಳು ಬರುತ್ತಿತ್ತು. ಈಗ ಹೇಳುತ್ತೇನೆ.

ಟಿಕೀಟು ವಾಪಸು ಮಾಡಲು ಕೈ ಬರಲಿಲ್ಲ. ಶಿವನಿಯಲ್ಲಿ ಇಳಿಯುವವರೆಗೂ ನನಗೆ ಸಿಟ್ಟಿತ್ತು. ಕುಡಿಯುತ್ತೇನೆ, ನಮಸ್ಕಾರ ಮಾಡುತ್ತೇನೆ, ಹೊರಡುತ್ತೇನೆ ಎಂದುಕೊಂಡಿದ್ದೆ. ಚಪ್ಪರದ ಕೆಳಗೆ ಅಪ್ಪ ಮಣೆಯ ಮೇಲೆ ಕೂತಿದ್ದರು. ಎಷ್ಟು ಸಣ್ಣಗಾಗಿದ್ದಾರೆ! ಅಣ್ಣ ಗಡಿಗೆಯಿಂದ ತುಂಬಿ ಕೊಡುತ್ತಿದ್ದ, ಅಪ್ಪ ಹುಯ್ಯುತ್ತಿದ್ದರು. ನಾನು ರೈಲಿಳಿದವರ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಬಗ್ಗಿ ಬೊಗಸೆ ಒಡ್ಡಿದೆ. ಕಣ್ಣು ಕಾಣದಿದ್ದರೂ ಅಪ್ಪನಿಗೆ ಗೊತ್ತಾಯಿತು, ತಂಬಿಗೆಯನ್ನು ನನ್ನ ಬೊಗಸೆಯ ಹತ್ತಿರಕ್ಕೆ ಇಳಿಸಿದರು. ಹುಯ್ದರು.

ಕುಡಿಯುವವರು ತಲೆ ಎತ್ತುವವರೆಗೆ ಹುಯ್ಯುವವರು ನಿಲ್ಲಿಸಬಾರದು, ನಿಮಗೆ ಗೊತ್ತಲ್ಲ. ನನ್ನ ದಾಹ ತೀರಿತು, ತಲೆ ಎತ್ತಲು ಆಗಲಿಲ್ಲ ಅತ್ತಿಗೆ. ಬೊಗಸೆ ತುಂಬಿ, ಮೊಣಕೈಯಿಂದ ಇಳಿದು ಸೀರೆಯೆಲ್ಲ ತೊಯ್ಯಿತು. ತಂಬಿಗೆ ಬರಿದಾಯಿತು. ಅಪ್ಪ ಪಕ್ಕಕ್ಕೆ ಕೈ ಚಾಚಿದರು, ಅಣ್ಣ ಇನ್ನೊಂದು ತುಂಬಿ ಕೊಟ್ಟ. ಅದೂ ಆಯಿತು. ಮತ್ತೊಂದು. ನನ್ನ ಹಿಂದೆ ಮೂಟೆ ಹೊತ್ತು ನಿಂತಿದ್ದವನೊಬ್ಬ ರೇಗಿಬಿಟ್ಟ. "ಇನ್ನೂ ಎಷ್ಟು ಕುಡೀತೀಯಮ್ಮಾ? ಹಿಂದಿರೋರಿಗೂ ಇರ್ಲಿ. ಯಜಮಾನ್ರೇ, ನಿಲ್ಸಿ ಸಾಕು!"

ಅಪ್ಪ ಕೈ ನಿಲ್ಲಿಸದೆ ಅವನಿಗೆ ಹೇಳಿದರು, "ಸುಮ್ನಿರಯ್ಯಾ. ದೂರದಿಂದ ಬಂದವ್ಳೆ ನನ್ನ ಮಗಳು. ಅವ್ಳು ಸಾಕು ಅನ್ನೋ ಗಂಟ ಹುಯ್ತೀನಿ."

ಆಗ ತಲೆ ಎತ್ತಿದೆ.

ನಿಮ್ಮ
ಮಲ್ಲಿ